ಹುಳದ ಮನೆಗೆ ಒಂದು ಮೂಗು

ದೊಡ್ಡೇರಿ ಕಡೆಯ ಆ ಹಳ್ಳಿಯಲ್ಲಿ ಬಸ್ಸಿಳಿದಾಗ ನನ್ನ ಕೈಯಲ್ಲಿ ಟಿಫಿನ್ ಡಬ್ಬಿಯಷ್ಟು ದೊಡ್ಡ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಇತ್ತು. ಅದನ್ನು ರೇಷ್ಮೆ ಹುಳ ಸಾಕುವ ಮನೆಯೊಳಗೆ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವರು ಬಾಗಿಲಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು.

"ಚಪ್ಲಿ ಅಲ್ಲೇ ಬುಡು. ಕಾಲು ಬ್ಲೀಚಿಂಗ್ ನೀರ್ನಾಗೆ ಅದ್ದು. ಹೂವ ಮುಡ್ಕಂಡು ಬಂದಿದ್ದೀಯಲ್ಲ, ತೆಗ್ದು ಕಲ್ಲಿನ ಮ್ಯಾಲಿಡು. ಸೆಂಟು ಗಿಂಟು ಹಾಕ್ಕಂಡಿಲ್ಲ ತಾನೆ?"

ಇಲ್ಲ ಎಂದೆ. ಅವರು ನನ್ನ ಮಾತನ್ನು ನಂಬದೆ ಹತ್ತಿರ ಬಂದು ಮೂಸಿ ನೋಡಿದರು. ಆ ಮೇಲೆ ಪೆಟ್ಟಿಗೆಯನ್ನೂ ಮೂಸಿದರು. ರೇಷ್ಮೆ ಹುಳಕ್ಕೆ ಹೊರಗಿನ ವಾಸನೆ ಆಗುವುದಿಲ್ಲ ಎಂದು ನಾನು ಪುಸ್ತಕದಲ್ಲಿ ಓದಿದ್ದೆ. ಅದನ್ನು ಇಷ್ಟು ಕಟ್ಟುನಿಟ್ಟಾಗಿ ಪಾಲಿಸುವವರನ್ನು ಅವತ್ತೇ ನೋಡಿದ್ದು. ನಾನು ಅವರನ್ನು ಇಲ್ಲಿ ಯಜಮಾನಮ್ಮ ಎಂದೇ ಕರೆಯುತ್ತೇನೆ. ಆ ಮನೆಯಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ದು ತರುವುದು ಅವರ ಗಂಡನ ಕೆಲಸ, ಉಳಿದದ್ದೆಲ್ಲ ಯಜಮಾನಮ್ಮನದು.

ಅವರು ನನ್ನನ್ನು ಒಳಗೆ ಬಿಟ್ಟದ್ದಕ್ಕೆ ಕಾರಣವಿತ್ತು. ಹಿಂದಿನ ಮಾಗಿಯಲ್ಲಿ ಅವರ ಒಂದು ಬೆಳೆ ಪೂರ್ತಿ ಹೋಗಿತ್ತು. ಇನ್ನು ನಾಲ್ಕು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕಿದ್ದ ಹುಳ, ಚಳಿಗೆಂದು ಬಾಗಿಲು ಕಿಟಕಿ ಮುಚ್ಚಿಟ್ಟ ಮನೆಯೊಳಗೆ ಮೆತ್ತಗಾಗಿ, ಸೊಪ್ಪು ಬಿಟ್ಟು, ರೆಂಬೆಗಳ ಮೇಲೆ ಜೋತುಬಿದ್ದಿದ್ದವು. "ಮೊರದಾಗೆ ತುಂಬ್ಕಂಡು ಗುಂಡಿಗೆ ಸುರ್ದೆ ಕಣಮ್ಮ. ಎಳ್ಡು ದಿನ ನಂಗೆ ಅನ್ನ ಸೇರ್ನಿಲ್ಲ" ಎಂದರು. ಹಿಕ್ಕೆ ಮತ್ತು ಹಳೆಯ ಸೊಪ್ಪಿನಿಂದ ಏಳುವ ಅಮೋನಿಯಾ ಗಾಳಿ ಮುಚ್ಚಿದ ಮನೆಯೊಳಗೆ ನಿಂತರೆ ಹುಳ ಸೊರಗಿ ರೋಗಕ್ಕೆ ಸುಲಭವಾಗಿ ಸಿಗುತ್ತವೆ. ಮನುಷ್ಯರ ಮೂಗು ಆ ವಾಸನೆಗೆ ಬಹಳ ಬೇಗ ಒಗ್ಗಿಹೋಗುತ್ತದೆ. ಒಗ್ಗದ ಮೂಗೊಂದನ್ನು ಮಾಡಿಕೊಂಡು ಬಂದಿದ್ದೇನೆ ಎಂಬುದು ನನ್ನ ಹೆಮ್ಮೆ.

ಆ ಮೂಗು ಎಂದರೆ ಉಗುರಿನಗಲದ ಒಂದು ಕಪ್ಪು ಪದರ. ತಾಮ್ರದ ಅಯಾನುಗಳನ್ನು ಸಾವಯವ ಅಣುಗಳ ಕಡ್ಡಿಗಳಿಂದ ಒಂದಕ್ಕೊಂದು ಜೋಡಿಸಿ ಕಟ್ಟಿದ ಚೌಕಟ್ಟು ಅದು. ಅದರ ತುಂಬ ಯಾವ ಸೂಕ್ಷ್ಮದರ್ಶಕಕ್ಕೂ ಸುಲಭವಾಗಿ ಕಾಣದಷ್ಟು ಸಣ್ಣ ರಂಧ್ರಗಳು. ಬಾಚಣಿಗೆಯ ಹಲ್ಲಿನಂತೆ ಎದುರುಬದುರು ನಿಂತ ಎರಡು ಲೋಹದ ಗೆರೆಗಳ ಮೇಲೆ ಅದನ್ನು ಹನಿಹನಿಯಾಗಿ ಹಾಕಿ ಒಣಗಿಸುತ್ತೇವೆ. ಅಮೋನಿಯಾ ಒಳಹೊಕ್ಕು ಕೂತರೆ ಪದರದಲ್ಲಿ ಕರೆಂಟು ಹರಿಯುವ ರೀತಿ ಬದಲಾಗುತ್ತದೆ, ಅದು ಎದ್ದುಹೋದರೆ ಮತ್ತೆ ಮೊದಲಿನಂತಾಗುತ್ತದೆ. ತುಮಕೂರಿನ ನಮ್ಮ ಲ್ಯಾಬಿನಲ್ಲಿ, ಗಾಜಿನ ಜಾಡಿಯೊಳಗೆ, ಈ ಪದರ ಬಂಗಾರದಂಥ ಮಗುವಾಗಿತ್ತು. ಹುಳದ ಮನೆಯಲ್ಲಿ ಹೇಗಿರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಯಜಮಾನಮ್ಮನಿಗೆ ನಾನು ಹೇಳಿದ್ದು ಇಷ್ಟೇ: "ಅಮ್ಮ, ಇದರೊಳಗೆ ಕಣ್ಣಿಗೆ ಕಾಣದ ಕೋಣೆಗಳಿವೆ. ಕೆಟ್ಟ ಗಾಳಿ ಬಂದು ಆ ಕೋಣೆಗಳಲ್ಲಿ ಕೂತುಕೊಂಡರೆ ತಕ್ಷಣ ಕೆಂಪು ದೀಪ ಹತ್ತುತ್ತೆ. ಕಾಲುಗಂಟೆ ಆದರೂ ಹೋಗದಿದ್ದರೆ ಪೆಟ್ಟಿಗೆ ಕೂಗುತ್ತೆ. ಕೂಗಿದರೆ ಬಾಗಿಲ ಮೇಲಿನ ಕಿಟಕಿ ತೆಗೀರಿ."

"ಎಷ್ಟು ಕೋಣೆ ಅವೆ?"

"ಲೆಕ್ಕವಿಲ್ಲದಷ್ಟು."

"ಗುಡ್ಸೋರು ಯಾರು ಅಷ್ಟೊಂದನ್ನ?" ಎಂದು ಕೇಳಿ ಅವರೇ ನಕ್ಕರು. ಅದು ತಮಾಷೆಯ ಪ್ರಶ್ನೆಯಾಗಿರಲಿಲ್ಲ ಎಂದು ನನಗೆ ಅರ್ಥವಾದದ್ದು ಹದಿನೈದು ದಿನ ಕಳೆದ ಮೇಲೆ.

ಮರಿ ಹುಳ ಸಾಕಿಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ಕಳೆದ ಹುಳ ಬಂದ ದಿನ ಪೆಟ್ಟಿಗೆಯನ್ನು ಬಾಗಿಲ ಪಕ್ಕದ ಕಂಬಕ್ಕೆ, ಹುಳದ ಸ್ಟ್ಯಾಂಡಿನ ಎರಡನೇ ಅಂತಸ್ತಿನ ಎತ್ತರಕ್ಕೆ ಕಟ್ಟಿದೆ. ಹುಳ ಪೊರೆ ಬಿಡಲು ತಲೆಯೆತ್ತಿ ಸುಮ್ಮನೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಕಳೆದರೆ ಹುಳ ಹಣ್ಣಾಗಿ ಗೂಡು ಕಟ್ಟುತ್ತವೆ. ಪೆಟ್ಟಿಗೆಯೊಳಗೆ ಬ್ಯಾಟರಿ ಮತ್ತು ಸಿಮ್ ಇದ್ದವು. ಅದರ ಅಂಕಿಗಳು ಮಧುಗಿರಿಯಲ್ಲಿ ನಾನು ಬಾಡಿಗೆಗಿದ್ದ ಕೋಣೆಯಲ್ಲಿ, ನನ್ನ ಫೋನಿನ ಮೇಲೆ ಗೆರೆಯಾಗಿ ಮೂಡುತ್ತಿದ್ದವು. ನಾನು ದಿನವೂ ಹತ್ತು ಗಂಟೆಯ ಬಸ್ಸಿಗೆ ಹೋಗಿ ಪೆಟ್ಟಿಗೆ ಮುಟ್ಟಿ ನೋಡಿ ಬರುತ್ತಿದ್ದೆ.

ಎರಡನೇ ದಿನವೇ ತೊಂದರೆ ಶುರುವಾಯಿತು. ಬೆಳಗ್ಗೆ ಆರರ ಸುಮಾರಿಗೆ ಗೆರೆ ಸೆಟೆದು ಮೇಲೆದ್ದಿತು. ಎಂಟರ ಹೊತ್ತಿಗೆ ನಿಧಾನವಾಗಿ ಇಳಿಯಿತು. ಮೂರನೇ ದಿನವೂ ಹಾಗೇ, ನಾಲ್ಕನೇ ದಿನವೂ ಹಾಗೇ. ಇಷ್ಟು ಚಿಕ್ಕ ಹುಳಗಳು ಇಷ್ಟು ಅಮೋನಿಯಾ ಬಿಡುವುದು ಸಾಧ್ಯವೇ ಇರಲಿಲ್ಲ.

ಮೊದಲು ನಾನು ತೇವದ ಮೇಲೆ ಅನುಮಾನಪಟ್ಟೆ. ರಂಧ್ರಗಳಿರುವ ಈ ವಸ್ತುಗಳಿಗೆ ನೀರಾವಿ ಹುಟ್ಟಾ ಶತ್ರು. ಅಮೋನಿಯಾ ಕೂರಬೇಕಾದ ಜಾಗದಲ್ಲಿ ಅದು ಹೋಗಿ ಕೂರುತ್ತದೆ. ಆದರೆ ಪಕ್ಕದಲ್ಲೇ ಇಟ್ಟಿದ್ದ ತೇವಮಾಪಕದ ಗೆರೆ ಆರು ಗಂಟೆಗೆ ಏನೂ ಹಾರಿರಲಿಲ್ಲ. ಆಮೇಲೆ ಸೊಪ್ಪಿನ ಮೇಲೆ ಅನುಮಾನ. ಬೆಳಗಿನ ಸೊಪ್ಪು ಹಾಕುವುದು ಏಳಕ್ಕೆ ಎಂದು ತಿಳಿಯಿತು. ಆಮೇಲೆ ತೋಟದ ಬೋರ್‌ವೆಲ್ಲಿನ ಮೇಲೆ. ಬೆಳಗ್ಗೆ ತ್ರೀ ಫೇಸ್ ಕರೆಂಟು ಬಂದು ಮೋಟಾರು ಶುರುವಾದಾಗ ಅದರ ಅಡಚಣೆ ಏನಾದರೂ ನನ್ನ ತಂತಿಗೆ ತಗುಲುತ್ತಿದೆಯೇನೋ ಎಂದು ಒಂದು ಇಡೀ ದಿನ ಕಳೆದೆ. ಆ ವಾರ ತ್ರೀ ಫೇಸ್ ಬರುತ್ತಿದ್ದದ್ದು ಮಧ್ಯಾಹ್ನ. ನನ್ನ ಪೆಟ್ಟಿಗೆ ಓಡುತ್ತಿದ್ದದ್ದು ಬ್ಯಾಟರಿಯಲ್ಲಿ. ಇಷ್ಟು ಓದಿದವಳಿಗೆ ಆ ಎರಡನೆಯದಾದರೂ ಮೊದಲೇ ಹೊಳೆಯಬೇಕಿತ್ತು.

ಇದು ಬರೀ ಗೆರೆಯ ತೊಂದರೆಯಾಗಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ದಿನಾ ಬೆಳಗ್ಗೆ ಪೆಟ್ಟಿಗೆ ಕೂಗುತ್ತಿತ್ತು. ಯಜಮಾನಮ್ಮ ನಾನು ಹೇಳಿದಂತೆ ಮೇಲಿನ ಕಿಟಕಿ ತೆಗೆಯುತ್ತಿದ್ದರು. ಮಾಗಿ ಚಳಿ ನೇರವಾಗಿ ಒಳಗೆ ಬರುತ್ತಿತ್ತು. ಮೂರನೇ ಜ್ವರಕ್ಕೆ ಬಾಗಿಲ ಕಡೆಯ ಹುಳ ಉಳಿದವುಗಳಿಗಿಂತ ಅರ್ಧ ದಿನ ತಡವಾಗಿ ಕೂತವು. ಒಂದೇ ಮನೆಯ ಹುಳ ಹೀಗೆ ಹಿಂದುಮುಂದಾದರೆ ಸೊಪ್ಪು ಕೊಡುವುದೇ ಪರದಾಟ. ಯಜಮಾನಮ್ಮ ಆ ಹುಳಗಳ ಮುಂದೆ ಕೂತು ನೋಡುತ್ತಲೇ ಇದ್ದರು. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ನಮ್ಮ ಸರ್ಕ್ಯೂಟು ಮಾಡಿಕೊಟ್ಟ ಗೆಳೆಯನಿಗೆ ಫೋನ್ ಮಾಡಿದೆ. ಅವನಿಗೆ ಜಗತ್ತಿನ ಯಾವ ಸಮಸ್ಯೆಯೂ ಎರಡು ಸಾಲಿನ ಪ್ರೋಗ್ರಾಮಿಗಿಂತ ದೊಡ್ಡದಲ್ಲ.

"ಐದೂವರೆಯಿಂದ ಎಂಟರವರೆಗೆ ಬರೋದನ್ನ ಲೆಕ್ಕಕ್ಕೇ ತಗೋಬೇಡ. ಮುಗೀತಲ್ಲ."

"ಆ ಹೊತ್ತಲ್ಲಿ ನಿಜವಾಗಿ ಅಮೋನಿಯಾ ಬಂದರೆ?"

"ಎಂಟು ಗಂಟೆ ಮೇಲೂ ಇದ್ದೇ ಇರುತ್ತೆ ಬಿಡು. ಆಗ ಕೂಗುತ್ತೆ."

ಆ ಎರಡು ಸಾಲು ನಾನು ಬರೆದೆ. ಪೆಟ್ಟಿಗೆಗೆ ಕಳಿಸುವ ಮುಂಚೆ ಆರು ದಿನಗಳ ಗೆರೆಗಳನ್ನು ಒಂದರ ಮೇಲೊಂದು ಹಾಕಿ ಕೊನೆಯ ಸಾರಿ ನೋಡಿದೆ. ನೀರಾವಿ ಬಂದರೆ ಈ ಪದರದ ಗೆರೆ ಗುಡ್ಡದಂತೆ ದುಂಡಗೆ ಏರುತ್ತದೆ. ಕರೆಂಟಿನ ಅಡಚಣೆಯಾದರೆ ಮುಳ್ಳಿನಂತೆ ಎದ್ದು ಅಲ್ಲೇ ಬೀಳುತ್ತದೆ. ಇದು ಎರಡೂ ಅಲ್ಲ. ಸರಕ್ಕನೆ ಏರಿ, ಸೋಮಾರಿಯಂತೆ ಇಳಿಯುತ್ತಿತ್ತು. ಲ್ಯಾಬಿನ ಜಾಡಿಯಲ್ಲಿ ನಾನೇ ನೂರು ಸಲ ನೋಡಿದ್ದ ಅಮೋನಿಯಾದ್ದೇ ನಡಿಗೆ ಅದು. ನನ್ನ ಪದರ ಸುಳ್ಳು ಹೇಳುತ್ತಿಲ್ಲ ಎಂದು ಆಗ ಮೊದಲ ಬಾರಿಗೆ ಅನ್ನಿಸಿತು. ಆ ಎರಡು ಸಾಲು ಅಳಿಸಿದೆ. ಸಂಜೆಯ ಬಸ್ಸಿಗೆ ಹೋಗಿ ಯಜಮಾನಮ್ಮನ ಮನೆಯಲ್ಲೇ ಉಳಿದುಕೊಂಡೆ. ಮುದ್ದೆ, ಹುರುಳಿ ಸಾರು ಹಾಕಿದರು.

ಬೆಳಗ್ಗೆ ಐದೂವರೆಗೆ ಎದ್ದು ಹುಳದ ಮನೆಯ ಮೂಲೆಯಲ್ಲಿ ಶಾಲು ಹೊದ್ದು ಕೂತೆ. ಗಡಿಯಾರದ ಮುಳ್ಳು ಆರರ ಹತ್ತಿರ ಬರುವಾಗ ಯಜಮಾನಮ್ಮ ಬಂದರು. ಒಂದು ಕೈಯಲ್ಲಿ ಹಿತ್ತಾಳೆ ಬಟ್ಟಲು, ಇನ್ನೊಂದು ಕೈಯಲ್ಲಿ ಮಾವಿನೆಲೆ. ಹೊಸ್ತಿಲಿಗೆ ಮೂರು ಸಲ ಚಿಮುಕಿಸಿದರು. ಆಮೇಲೆ ಕಂಬದ ಕಡೆ ತಿರುಗಿ ನನ್ನ ಪೆಟ್ಟಿಗೆಗೂ ಭಕ್ತಿಯಿಂದ ನಾಲ್ಕು ಹನಿ ಚಿಮುಕಿಸಿ ಕೈಮುಗಿದರು.

ಕೆಂಪು ದೀಪ ಪಕ್ಕನೆ ಹತ್ತಿತು.

"ಅಮ್ಮ, ಏನದು?"

"ಗಂಜ್ಲ ಕಣಮ್ಮ. ನಮ್ ಕೆಂದೀದು. ಈಗ್ತಾನೆ ಹಿಡ್ಕಂಡು ಬಂದೆ."

ಆಕಳ ಗಂಜಲ. ನಾನು ಒಂದು ವಾರದಿಂದ ಹುಡುಕುತ್ತಿದ್ದ ಅಮೋನಿಯಾ. ಅದನ್ನು ಮಾವಿನೆಲೆಯಲ್ಲಿ ಅದ್ದಿ ನನ್ನ ಮೂಗಿನೊಳಕ್ಕೇ ಹಾಕುತ್ತಿದ್ದರು.

"ಪೆಟ್ಟಿಗೆಗೆ ಯಾಕಮ್ಮ?"

"ಇನ್ನೇನು ಮತ್ತೆ? ಹುಳದ ಮನೆ ಒಳೀಕೆ ಬಂದೈತೆ, ನಮ್ ಜೊತೆಗೇ ಐತೆ. ಹೊಸ್ತಿಲಿಗೆ ಹಾಕಿ ಅದುಕ್ಕೆ ಬುಟ್ರೆ ಚೆಂದಾಗಿರ್ತದಾ? ಹಾಕಿದ್ ಮ್ಯಾಲೆ ದೀಪ ಹಚ್ಕಂತದೆ, ಆಮ್ಯಾಕೆ ಕೂಗ್ತದೆ. ಎದ್ದೆ ಅಂತ ಹೇಳ್ತದೇನೋ ಅನ್ಕಂಡೆ. ಕಿಟ್ಕಿ ತೆಗ್ದು ಒಂದ್ ಗಳಿಗೆ ಬುಟ್ಟು ಮುಚ್ಚಾಕ್ತಿದ್ದೆ."

ನಾನು ನಗಲೂ ಆಗದೆ ಅಳಲೂ ಆಗದೆ ಕೂತಲ್ಲೇ ಕೂತಿದ್ದೆ. ಕೊನೆಗೆ ನಗುವೇ ಗೆದ್ದಿತು. ವಿಷಯ ಬಿಡಿಸಿ ಹೇಳಿದೆ. ಯಜಮಾನಮ್ಮ ಬಟ್ಟಲನ್ನೊಮ್ಮೆ, ಪೆಟ್ಟಿಗೆಯನ್ನೊಮ್ಮೆ ನೋಡಿದರು. ಬಾಗಿಲ ಕಡೆ ಹಿಂದುಳಿದ ಹುಳಗಳನ್ನೂ ನೋಡಿದರು. ಅವರ ಮುಖ ಚಿಕ್ಕದಾಯಿತು, ಆದರೆ ಅದು ಒಂದೇ ಗಳಿಗೆ.

"ಅಂಗಾರೆ ಪೆಟ್ಗೆ ಸರ್ಯಾಗೇ ಹೇಳ್ತಿತ್ತು ಅನ್ನು. ನೀನೇ ನಂಬ್ನಿಲ್ಲ."

ಗಂಜಲ ಒಣಗಿ ಉಪ್ಪು ಕಟ್ಟಿದ್ದ ಹಳೆಯ ಪದರವನ್ನು ತೆಗೆದು ಹೊಸದನ್ನು ಕೂರಿಸಿದೆ. ಇನ್ನು ಮೇಲೆ ಇದಕ್ಕೆ ಚಿಮುಕಿಸಬೇಡಿ ಎಂದು ಹೇಳಬೇಕಿತ್ತು. ಅದನ್ನು ಹೇಳುವುದು ಹೇಗೆ ಎಂದು ಮಾತು ಹುಡುಕುತ್ತಿದ್ದಾಗ ದಾರಿಯನ್ನು ಅವರೇ ತೋರಿಸಿದರು.

"ಚಿಮುಕ್ಸಕಿಲ್ಲ ಬುಡು. ಪೆಟ್ಗೇನ ಹೊಸ್ತಿಲಾಚೆಗೆ ತಂದು ಬಟ್ಲು ತೋರುಸ್ತೀನಿ. ಮೂಸ್ನೋಡ್ಲಿ ಸಾಕು. ಅಷ್ಟೂ ಬ್ಯಾಡ ಅಂದ್ರೆ ನನ್ ಮನಸ್ಗೆ ಸಮಾಧಾನ ಇರಾಕಿಲ್ಲ."

ಬೇಡ ಎನ್ನಲು ನನಗೆ ಮನಸ್ಸಾಗಲಿಲ್ಲ. ವಿಜ್ಞಾನದ ಕಾರಣವೇನೂ ಇರಲಿಲ್ಲ, ಅಷ್ಟು ಹೊತ್ತಿಗೆ ನನಗೆ ಅವರ ಮೇಲೆ ಪ್ರೀತಿ ಹುಟ್ಟಿತ್ತು, ಅಷ್ಟೇ. ಒಂದು ಗಳಿಗೆ ತೋರಿಸಿ ಒಳಗೆ ತಂದರೆ ಕಾಲುಗಂಟೆಯೊಳಗೆ ಗೆರೆ ಇಳಿಯುತ್ತದೆ, ಪೆಟ್ಟಿಗೆ ಕೂಗುವುದಿಲ್ಲ, ಕಿಟಕಿ ತೆಗೆಯಬೇಕಾಗಿಲ್ಲ. ಗೆರೆಯ ಮೇಲಿನ ಆ ಗುರುತು ಯಾತರದ್ದು ಎಂದು ನನಗೂ ತಿಳಿದಿರಲಿ ಎಂದು, ದೀಪ ಹತ್ತಿದ ಕೂಡಲೇ ನನಗೊಂದು ಮಿಸ್ ಕಾಲ್ ಕೊಡಲು ಹೇಳಿದೆ. ಹೀಗೆ ಶುರುವಾಯಿತು. ಬೆಳಗ್ಗೆ ಆರಕ್ಕೆ ನನ್ನ ಫೋನು ಒಂದು ಸಲ ಸದ್ದು ಮಾಡಿ ಸುಮ್ಮನಾಗುತ್ತಿತ್ತು. ಪೆಟ್ಟಿಗೆ ಎದ್ದಿದೆ ಎಂದು ಅರ್ಥ. ನಾನು ಮಗ್ಗುಲು ಬದಲಿಸಿ ಮತ್ತೆ ಮಲಗುತ್ತಿದ್ದೆ.

ನಾಲ್ಕನೇ ಜ್ವರ ಕಳೆಯಿತು. ಹುಳ ಬೆರಳುದ್ದ ಆದವು. ಹೊತ್ತಿಗೆ ಸರಿಯಾಗಿ ರೆಂಬೆ ಸೊಪ್ಪು ಹಾಕಿದರೆ ಮಳೆ ಸುರಿದಂಥ ಸದ್ದು ಮಾಡಿ ತಿನ್ನುತ್ತಿದ್ದವು. ಹಿಂದುಳಿದಿದ್ದವಕ್ಕೆ ಯಜಮಾನಮ್ಮ ಎಳೆ ಸೊಪ್ಪು ಆರಿಸಿ ಹಾಕಿ ಜೊತೆಗೆ ಸೇರಿಸಿದ್ದರು. ಆಗಲೇ ಜಡಿಮಳೆ ಹಿಡಿದುಕೊಂಡಿತು. ಎರಡು ದಿನ ಸೂರ್ಯನ ಮುಖ ಕಾಣಲಿಲ್ಲ. ಬಾಗಿಲಿಗೆ ಗೋಣಿ ಇಳಿಬಿಟ್ಟು, ಕಿಟಕಿ ಮುಚ್ಚಿ, ಹೀಟರ್ ಹಾಕಿದರು. ಹಿಂದಿನ ವರ್ಷ ಹುಳ ಹೋದದ್ದೂ ಇಂಥದೇ ದಿನಗಳಲ್ಲಿ, ಇದೇ ಹಂತದಲ್ಲಿ.

ಮಳೆಗೆ ನಾನು ಹಳ್ಳಿಗೆ ಹೋಗಲಿಲ್ಲ, ಆದರೆ ಆ ಎರಡು ದಿನವೂ ನನ್ನ ಫೋನಿನಲ್ಲಿ ಗೆರೆ ಬಹಳ ಚೆನ್ನಾಗಿತ್ತು. ಎರಡನೇ ದಿನ ಸಂಜೆಗಂತೂ ನೆಲಕ್ಕೆ ಅಂಟಿಕೊಂಡಂತೆ ಮಲಗಿತ್ತು. ಲ್ಯಾಬಿನಿಂದ ನನ್ನ ಸಂಶೋಧನೆಯ ಗೈಡ್ ಫೋನ್ ಮಾಡಿದಾಗ, "ಸರ್, ಇಷ್ಟು ತೇವದಲ್ಲೂ ಅಲುಗಾಡುತ್ತಿಲ್ಲ, ನೋಡಿ" ಎಂದು ಕೊಚ್ಚಿಕೊಂಡೆ.

ಮೂರನೇ ದಿನ ಬೆಳಗ್ಗೆ ಆರಕ್ಕೆ ಫೋನು ಸದ್ದು ಮಾಡಿತು. ಒಂದು ಸಲಕ್ಕೆ ನಿಲ್ಲಲಿಲ್ಲ. ಬಡಿದುಕೊಳ್ಳುತ್ತಲೇ ಇತ್ತು. ಎತ್ತಿದೆ.

"ಮೇಡಮ್ಮ, ಪೆಟ್ಗೆ ಇವತ್ತು ಕಣ್ ಬುಡ್ತಿಲ್ಲ. ಬಟ್ಲು ಮೂಗಿಗೇ ಹಿಡ್ದೆ. ಊಹೂಂ."

ಗೆರೆ ತೆರೆದು ನೋಡಿದೆ. ಅಂಕಿ ಬರುತ್ತಲೇ ಇತ್ತು. ಗೆರೆ ನೇರವಾಗಿ, ಸಣ್ಣಗೆ, ಶಾಂತವಾಗಿ ಓಡುತ್ತಿತ್ತು. ಬಟ್ಟಲು ಹಿಡಿದ ಗುರುತು ಎಲ್ಲೂ ಇರಲಿಲ್ಲ. ಪದರ ಸತ್ತಿತ್ತು. ಯಾವಾಗ ಸತ್ತಿತೋ, ನಿನ್ನೆ ಸಂಜೆಯೋ ರಾತ್ರಿಯೋ, ಅಲ್ಲಿಂದ ಇಲ್ಲಿಯವರೆಗೆ ಎಲ್ಲ ಚೆನ್ನಾಗಿದೆ ಎಂದು ಹೇಳಿಕೊಂಡೇ ಇತ್ತು. ನಾನು ಗೈಡ್ ಹತ್ತಿರ ಕೊಚ್ಚಿಕೊಂಡದ್ದು ಒಂದು ಹೆಣದ ಶಾಂತಿಯನ್ನು.

"ಅಮ್ಮ, ಒಳಗೆ ವಾಸನೆ ಇದೆಯಾ?"

"ಎಂಗೆ ಹೇಳ್ಲಿ? ಮೂರ್ ದಿನದಿಂದ ನೆಗ್ಡಿ, ಮೂಗು ಕಟ್ಕಂಡೈತೆ. ನಮ್ಮೋರು ಸೊಪ್ಪಿಗೆ ಹೋಗವ್ರೆ."

ಕಿಟಕಿ ತೆಗೆಯಿರಿ ಎಂದುಬಿಡುವುದು ಸುಲಭ. ಹೊರಗೆ ಜಡಿಮಳೆ, ಕೊರೆಯುವ ಗಾಳಿ. ಒಳಗೆ ಗಾಳಿ ಕೆಡದೇ ಇದ್ದರೆ ನನ್ನ ಮಾತು ಕೇಳಿ ಎರಡನೇ ಸಲ ಹುಳಗಳಿಗೆ ಚಳಿ ಬಡಿಸಿದ ಹಾಗಾಗುತ್ತದೆ. ಕೆಟ್ಟಿದ್ದರೆ, ನಾನು ಬಸ್ಸು ಹತ್ತಿ ಹೋಗುವ ಹೊತ್ತಿಗೆ ತಡವಾಗಿರುತ್ತದೆ. ಮೂಗಿಲ್ಲದಿದ್ದರೆ ಇನ್ನೇನಿದೆ ಎಂದು ಯೋಚಿಸಿದೆ.

"ಅಮ್ಮ, ಒಳಗೆ ಹೋಗಿ ಕೆಳಗಿನ ಅಂತಸ್ತಿನ ಹಾಸಿಗೆ ಹತ್ತಿರ ಮುಖ ಇಡಿ. ಹಿಕ್ಕೆ ಇರೋ ಕಡೆ. ಕಣ್ಣು ತೆರೆದುಕೊಂಡೇ ಇಪ್ಪತ್ತು ಎಣಿಸಿ."

ಫೋನಿನಲ್ಲಿ ಅವರು ಎಣಿಸುವುದು ಕೇಳುತ್ತಿತ್ತು. ಹನ್ನೊಂದಕ್ಕೆ ನಿಂತಿತು.

"ಉರೀತದೆ ಕಣಮ್ಮ. ನೀರು ಬತ್ತಾ ಐತೆ ಕಣ್ಣಾಗೆ."

"ಎಲ್ಲ ಕಿಟಕಿ ತೆಗೀರಿ. ಹುಳ ಹೊಸ ಸೊಪ್ಪಿಗೆ ಹತ್ತಿಸಿ, ಹಳೆ ಸೊಪ್ಪು ಹಿಕ್ಕೆ ಇರೋ ಹಾಸಿಗೆ ತೆಗೆಸಿಬಿಡಿ. ಸುಣ್ಣ ಈಗ ಹಾಕಬೇಡಿ, ಹಿಕ್ಕೆ ಮೇಲೆ ಬಿದ್ದರೆ ಇನ್ನೂ ಜಾಸ್ತಿಯಾಗುತ್ತೆ. ನಾನು ಬಂದೆ."

ನಾನು ಹೊಸ ಪದರಗಳ ಡಬ್ಬಿ ಹಿಡಿದು ಹೋಗುವಷ್ಟರಲ್ಲಿ ಗಂಡ ಹೆಂಡತಿ, ಪಕ್ಕದ ಮನೆಯ ಇಬ್ಬರು ಹೆಂಗಸರು ಸೇರಿ ಅರ್ಧ ಹಾಸಿಗೆ ತೆಗೆದಿದ್ದರು. ಬಾಗಿಲಿಗೆ ಬಿಟ್ಟಿದ್ದ ಗೋಣಿಯನ್ನು ಕಟ್ಟಿ ಮೇಲೆತ್ತಿದ್ದರು. ಯಜಮಾನಮ್ಮನ ಕಣ್ಣು ಕೆಂಪಗಿತ್ತು. ಗಾಳಿಗೋ ಅತ್ತದ್ದಕ್ಕೋ ನಾನು ಕೇಳಲಿಲ್ಲ. ಹಳೆಯ ಪದರ ತೆಗೆದು ಬೆಳಕಿಗೆ ಹಿಡಿದೆ. ತೇವ ಕುಡಿದು ಕುಡಿದು ಕಪ್ಪು ಹೊಪ್ಪಳಿಕೆಗಳಾಗಿ ಲೋಹದ ಗೆರೆಗಳಿಂದ ಎದ್ದುಬಂದಿತ್ತು. ಆ ಕೋಣೆಗಳನ್ನು ಗುಡಿಸುವವರು ಯಾರು ಎಂದು ಯಜಮಾನಮ್ಮ ಮೊದಲ ದಿನವೇ ಕೇಳಿದ್ದರು. ಹೊಸದನ್ನು ಹಾಕಿದೆ. ಎಲ್ಲ ಕಿಟಕಿ ತೆಗೆದು ಎರಡು ಗಂಟೆಯಾಗಿದ್ದರೂ ಅದು ಹಾಕಿದ ಕೂಡಲೇ ಕೆಂಪು ದೀಪ ಹಚ್ಚಿ, ಕಾಲುಗಂಟೆಗೆ ಸರಿಯಾಗಿ ಕೂಗಿತು.

"ಬಂತು ನೋಡು ಜೀವ" ಎಂದರು ಯಜಮಾನಮ್ಮ.

ಕೆಳಗಿನ ಅಂತಸ್ತಿನಲ್ಲಿ ಮೂಲೆಯ ಒಂದಷ್ಟು ಹುಳ ಉಳಿಯಲಿಲ್ಲ. ಒಂದು ಮೊರದಷ್ಟು. ಮಧ್ಯಾಹ್ನದ ಹೊತ್ತಿಗೆ ಉಳಿದವುಗಳಿಂದ ಸೊಪ್ಪು ತಿನ್ನುವ ಸದ್ದು ಮತ್ತೆ ಬರಲು ಶುರುವಾಯಿತು. ಮೊದಲು ಒಂದು ಮೂಲೆಯಿಂದ, ಆಮೇಲೆ ಮನೆಯ ತುಂಬ. ನಾನು ಯಜಮಾನಮ್ಮನ ಪಕ್ಕದಲ್ಲಿ ನೆಲದ ಮೇಲೆ ಕೂತು ಅದನ್ನು ಕೇಳಿದೆ. ಪ್ರಯೋಗಾಲಯದಲ್ಲಿ ಕಳೆದ ಅಷ್ಟೂ ವರ್ಷಗಳಲ್ಲಿ ಅಷ್ಟು ಸುಖವಾದ ಸದ್ದನ್ನು ನಾನು ಕೇಳಿರಲಿಲ್ಲ.

ನಾಲ್ಕು ದಿನಕ್ಕೆ ಹುಳ ಹಣ್ಣಾದವು. ಜೇನು ಬಣ್ಣಕ್ಕೆ ತಿರುಗಿದ ಹುಳಗಳನ್ನು ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಲು ನನಗೂ ಕೆಲಸ ಕೊಟ್ಟರು. ಗೂಡು ಬಿಡಿಸುವ ದಿನ ಯಜಮಾನಮ್ಮ ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಹುಳ ಕಟಕಟ ಎನ್ನುವುದನ್ನು ಕೇಳಿ, ನನ್ನ ಕಿವಿಗೂ ಹಿಡಿದರು.

ವರದಿ ಬರೆಯುವಾಗ ಸಂವೇದಕ ಬದುಕಿದೆಯೇ ಎಂದು ದಿನವೂ ಪರೀಕ್ಷಿಸುವ ವಿಧಾನವನ್ನು ಮೊದಲ ಪುಟದಲ್ಲೇ ಹಾಕಿದೆ. ಇಂಥ ಪರೀಕ್ಷೆ ಇರಬೇಕೆಂದು ಪುಸ್ತಕಗಳಲ್ಲಿ ಇದ್ದೇ ಇತ್ತು. ನಾನು ಅದನ್ನು ಬಿಟ್ಟಿದ್ದೆ. ನಾನು ಬಿಟ್ಟದ್ದನ್ನು ಅವರು ಬೇರೆ ಕಾರಣಕ್ಕೆ ಮಾಡುತ್ತಿದ್ದರು, ಮತ್ತು ಅದನ್ನೇ ನಾನು ಎರಡು ಸಾಲು ಬರೆದು ಅಳಿಸಿಹಾಕಲು ಹೊರಟಿದ್ದೆ. ಗೈಡ್ ಓದಿ, ಕನ್ನಡಕ ತೆಗೆದು, "ಗಂಜಲವೇ ಆಗಬೇಕಾ?" ಎಂದರು. "ಸೀಸೆಯ ಅಮೋನಿಯಾವೂ ಆಗುತ್ತೆ ಸರ್. ಆದರೆ ಅದನ್ನು ದಿನಾ ಬೆಳಗ್ಗೆ ಆರಕ್ಕೆ ತಪ್ಪದೆ ಯಾರು ಹಿಡಿಯುತ್ತಾರೆ?" ಎಂದೆ. ಅವರು ಗಂಜಲದ ಸಾಲನ್ನು ಹಾಗೇ ಉಳಿಸಿದರು.

ಪೆಟ್ಟಿಗೆಯನ್ನು ಬಿಚ್ಚಿಕೊಂಡು ಮಧುಗಿರಿಗೆ ತಂದ ಮಾರನೆಯ ದಿನ ಬೆಳಗ್ಗೆ ಆರಕ್ಕೆ ನನ್ನ ಫೋನು ಒಂದು ಸಲ ಸದ್ದು ಮಾಡಿ ಸುಮ್ಮನಾಯಿತು. ಅಭ್ಯಾಸಬಲದಿಂದ ಮಗ್ಗುಲು ಬದಲಿಸಿದವಳು ಎದ್ದು ಕೂತೆ. ಪೆಟ್ಟಿಗೆ ನನ್ನ ಮೇಜಿನ ಮೇಲೇ ಇತ್ತು. ತಿರುಗಿ ಫೋನ್ ಮಾಡಿದೆ.

"ಅಮ್ಮ, ಪೆಟ್ಟಿಗೆ ನನ್ನ ಹತ್ತಿರವೇ ಇದೆಯಲ್ಲ?"

"ಗೊತ್ತು ಕಣಮ್ಮ" ಎಂದರು ಯಜಮಾನಮ್ಮ. "ನೀನು ಎದ್ಯೋ ಇಲ್ವೋ ಅಂತ ನೋಡ್ದೆ."